ನೋವಿಗೊಂದು ಸಾಕ್ಷಿ

ಬೆಳಗಿನ ಮೊದಲ ಮೂತ್ರಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಮರ್ಯಾದೆ ಇದೆ. ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಂತು ಸಾಂದ್ರವಾದ ಅದರಲ್ಲಿ ದೇಹದ ಸಮಾಚಾರ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ. ಲ್ಯಾಬಿನವರು ಪುಟ್ಟ ಡಬ್ಬಿ ಕೈಗಿಟ್ಟು ‘ನಾಳೆ ಬೆಳಗ್ಗೆ ಎದ್ದ ಕೂಡಲೇ ಹಿಡಿದು ತನ್ನಿ’ ಎನ್ನುವುದು ಅದಕ್ಕೇ. ಉಳಿದ ದಿನಗಳಲ್ಲಿ ನಾವು ಅದರ ಕಡೆ ಗಮನ ಕೊಡುವುದಿಲ್ಲ. ಎದ್ದು, ಕಣ್ಣುಜ್ಜಿಕೊಂಡು, ಬಚ್ಚಲಿಗೆ ಹೋಗಿ ಬಂದು ಹಾಲು ಕಾಯಿಸಲು ಇಡುತ್ತೇವೆ. ಆರೇಳು ಗಂಟೆ ಎಬ್ಬಿಸದೆ ಮಲಗಲು ಬಿಟ್ಟ ಆ ಪುಟ್ಟ ಅಂಗದ ನೆನಪು ಯಾವ ಪ್ರಾರ್ಥನೆಯಲ್ಲೂ ಬರುವುದಿಲ್ಲ.

ನೆನೆಯಬೇಕಾದ ಅಂಗವೇ ಅದು. 400–500 ಮಿಲಿಲೀಟರ್ ತುಂಬಿದರೂ ಒಳಗಿನ ಒತ್ತಡ ಹೆಚ್ಚು ಏರದಂತೆ ಹಿಗ್ಗುತ್ತದೆ. ಒಳಗೋಡೆಯ ಮೇಲ್ಪದರದಲ್ಲಿ ‘ಛತ್ರಿ ಕೋಶ’ ಎಂದು ಕರೆಯುವ ಅಗಲವಾದ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಸೇರಿಕೊಂಡಿರುತ್ತವೆ. ಅವುಗಳ ಮೇಲೆ ಸಕ್ಕರೆ ಮತ್ತು ಪ್ರೋಟೀನಿನ ತೆಳ್ಳನೆಯ ಲೋಳೆ. ಯೂರಿಯಾ, ಪೊಟ್ಯಾಸಿಯಂ, ಆಮ್ಲ ಎಲ್ಲ ಕೂಡಿದ ದ್ರವವನ್ನು ಗಂಟೆಗಟ್ಟಲೆ ಹೊತ್ತಿದ್ದರೂ ಆ ಪದರದಡಿಯ ನರಗಳಿಗೆ ಸುದ್ದಿ ಮುಟ್ಟುವುದಿಲ್ಲ. ಮುಟ್ಟಿದರೆ ಏನಾಗುತ್ತದೆ ಎಂಬುದು ಗೊತ್ತಿರುವವರು ನಮ್ಮ ನಡುವೆಯೇ ಇದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್, ಈಚಿನ ಹೆಸರಿನಲ್ಲಿ ಬ್ಲ್ಯಾಡರ್ ಪೇನ್ ಸಿಂಡ್ರೋಮ್, ಇರುವವರಿಗೆ ‘ಬೆಳಗಿನ ಮೊದಲ’ ಎನ್ನುವುದೇ ಇಲ್ಲ. ಹತ್ತಕ್ಕೆ ಮಲಗಿದರೆ ಹನ್ನೊಂದೂವರೆಗೆ, ಒಂದಕ್ಕೆ, ಎರಡೂಕಾಲಿಗೆ, ಮತ್ತೆ ನಾಲ್ಕಕ್ಕೆ ಏಳಬೇಕು. ಮೂತ್ರಕೋಶ ತುಂಬುತ್ತ ಹೋದಂತೆ ಕಿಬ್ಬೊಟ್ಟೆಯಲ್ಲಿ ಒತ್ತಿ ಹಿಡಿದಂಥ ನೋವು. ಹೋಗಿ ಬಂದರೆ ಒಂದಿಷ್ಟು ಸಮಾಧಾನ, ಆಮೇಲೆ ಮತ್ತೆ ಮೊದಲಿನಿಂದ. ಇಲ್ಲಿ ಐರ್ಲೆಂಡಿನ ಕಾರ್ಕಿನಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಎಂಟೂವರೆಯ ಹೊತ್ತಿಗೆ ಹುಟ್ಟುತ್ತಾನೆ. ನಿದ್ದೆ ಬಾರದವರಿಗೆ ಅದು ಬಹಳ ಉದ್ದದ ರಾತ್ರಿ.

ಈ ಊರಿನ ನರ್ಸಿಂಗ್ ಹೋಮೊಂದರಲ್ಲಿ ಕೆಲಸ ಮಾಡುವ, ತಿಪಟೂರು ಕಡೆಯ ಅಕ್ಕ ಒಬ್ಬರ ಬಳಿ ಮಾತಾಡುತ್ತ ನನಗೆ ಈ ರೋಗದ ಒಳಮನೆ ಕಂಡಿತು. ಸೇಂಟ್ ಪ್ಯಾಟ್ರಿಕ್ಸ್ ಸ್ಟ್ರೀಟಿನಿಂದ ಗ್ರ್ಯಾಂಡ್ ಪರೇಡಿನವರೆಗೆ ಯಾವ ಅಂಗಡಿಯ ಹಿಂದೆ ಶೌಚಾಲಯವಿದೆ, ಯಾವುದು ಸಂಜೆ ಬೇಗ ಬಾಗಿಲು ಹಾಕುತ್ತದೆ ಎಂದು ಅವರಿಗೆ ಬಾಯಿಪಾಠ. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟೇ ಬೇಕು. ಮನೆಯವರಿಗೆಲ್ಲ ಹುಣಸೆಹುಳಿ ಹಿಂಡಿ, ಟೊಮೆಟೊ ಹಾಕಿ, ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಸಾರು ಮಾಡುತ್ತಾರೆ. ತಾವು ಅನ್ನಕ್ಕೆ ಹಾಲು ಕಲಸಿಕೊಂಡು ಉಣ್ಣುತ್ತಾರೆ. ಹುಳಿ, ಖಾರ, ಕಾಫಿ ಮೂರೂ ಈ ಕಾಯಿಲೆಯ ಅನೇಕರಿಗೆ ನೋವು ಕೆರಳಿಸುತ್ತವೆ. ಫಿಲ್ಟರ್ ಕಾಫಿ ಬಿಟ್ಟದ್ದೇ ಹೆಚ್ಚು ಕಷ್ಟವಾಯಿತು ಎಂದರು. ಊರಿನಿಂದ ಅತ್ತೆ ಫೋನಿನಲ್ಲಿ ‘ಉಷ್ಣ ಆಗಿದೆ, ಬಾರ್ಲಿ ಗಂಜಿ ಕುಡಿಯಮ್ಮ, ಕೊತ್ತಂಬರಿ ಬೀಜ ನೆನೆಸಿ ಆ ನೀರು ಕುಡಿ’ ಎನ್ನುತ್ತಿದ್ದರಂತೆ. ಪ್ರೀತಿಯಿಂದ ಹೇಳಿದ ಮಾತು. ಅಕ್ಕ ಕುಡಿದರು ಕೂಡ.

‘ರಿಪೋರ್ಟ್ ನಾರ್ಮಲ್ ಅಂತ ಬಂದಾಗ ಮನೇಲಿ ಎಲ್ರೂ ಖುಷಿಪಟ್ರು ಕಣೇ. ನಂಗೊಬ್ಳಿಗೆ ಅಳು ಬಂತು.’

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಕಾಯಿಲೆ ಇಲ್ಲ ಎಂದು ಕೇಳಿ ಅಳುವುದೆಂದರೇನು? ಆ ‘ನಾರ್ಮಲ್’ ಹುಟ್ಟುವ ರೀತಿಯನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ನರ್ಸ್ ಡಬ್ಬಿಯ ಮೂತ್ರಕ್ಕೆ ಒಂದು ತೆಳು ಪಟ್ಟಿ ಅದ್ದುತ್ತಾರೆ. ಪಟ್ಟಿಯ ಮೇಲೆ ಸಾಲಾಗಿ ಬಣ್ಣದ ಚೌಕಗಳು: ಸಕ್ಕರೆಗೆ ಒಂದು, ರಕ್ತಕ್ಕೆ ಒಂದು, ಬಿಳಿಕಣಕ್ಕೆ ಒಂದು, ಪ್ರೋಟೀನಿಗೆ ಒಂದು. ಪ್ರೋಟೀನಿನ ಚೌಕ ಹಳದಿ ಇದ್ದದ್ದು ಹಸಿರಿಗೆ ತಿರುಗಿದರೆ ಮೂತ್ರಪಿಂಡದ ಬಗ್ಗೆ ಯೋಚಿಸಬೇಕು. ಒಂದೆರಡು ನಿಮಿಷದಲ್ಲಿ ಪಟ್ಟಿಯನ್ನು ಶೀಶೆಯ ಮೇಲಿನ ಬಣ್ಣಗಳ ಪಕ್ಕ ಹಿಡಿದು ನೋಡಿ, ಎಲ್ಲ ಸರಿಯಿದೆ ಎನ್ನುತ್ತಾರೆ. ಕಲ್ಚರ್‌ಗೆ ಕಳಿಸಿದರೆ ಎರಡು ಮೂರು ದಿನದ ಮೇಲೆ ಬ್ಯಾಕ್ಟೀರಿಯಾ ಬೆಳೆದಿಲ್ಲ ಎಂದು ಬರುತ್ತದೆ. ಪಟ್ಟಿಯೂ ಕಲ್ಚರೂ ಸುಳ್ಳು ಹೇಳುತ್ತಿಲ್ಲ. ಈ ನೋವಿನ ಪ್ರಶ್ನೆಯನ್ನು ಅವುಗಳ ಮುಂದೆ ಯಾರೂ ಇಟ್ಟಿಲ್ಲ. ಆದರೂ ಉರಿ ಎಂದರೆ ಸೋಂಕೇ ಇರಬೇಕೆಂದು ಆ್ಯಂಟಿಬಯಾಟಿಕ್ ಒಂದರ ಮೇಲೊಂದು ಬರುತ್ತದೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ನೋವಿಗೆ ಕುರುಹು ಸಿಗದಾಗ ನೋವನ್ನೇ ಅನುಮಾನಿಸುವ ಚರಿತ್ರೆ ದೊಡ್ಡದು. ನ್ಯೂಯಾರ್ಕಿನ ಅಲೆಕ್ಸಾಂಡರ್ ಸ್ಕೀನ್ 1887ರಲ್ಲಿ ಈ ಕಾಯಿಲೆಗೆ ಹೆಸರು ಕೊಟ್ಟರು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಗೈ ಹನ್ನರ್ 1910ರ ದಶಕದಲ್ಲಿ ಕೆಲವು ಹೆಂಗಸರ ಮೂತ್ರಕೋಶದ ಗೋಡೆಯಲ್ಲಿ ಒಂದು ಬಗೆಯ ಹುಣ್ಣನ್ನು ಕಂಡು ವರ್ಣಿಸಿದರು. ಅದಕ್ಕೆ ಇಂದಿಗೂ ಅವರದೇ ಹೆಸರು. ಆದರೆ ಈ ನೋವು ತಿನ್ನುವ ಬಹುಪಾಲು ಜನರಲ್ಲಿ ಆ ಹುಣ್ಣು ಕಾಣುವುದಿಲ್ಲ, ಕ್ಯಾಮೆರಾ ಹಾಕಿ ನೋಡಿದರೂ ಗೋಡೆ ನಯವಾಗಿಯೇ ಇರಬಹುದು. ಕಾಣದ್ದಕ್ಕೆ ಕಾರಣ ಹುಡುಕುತ್ತ ಹೋದ ವೈದ್ಯರು ಕೊನೆಗೆ ಹೆಂಗಸಿನ ಮನಸ್ಸಿನ ಮೇಲೆ ಬೆರಳಿಟ್ಟರು. ಇದು ಭಾವನೆಗಳ ಏರುಪೇರಿನಿಂದ ಬರುವಂಥದು ಎಂಬ ಮಾತು 1970ರ ದಶಕದಲ್ಲೂ ಮೂತ್ರರೋಗದ ಪಠ್ಯಪುಸ್ತಕದಲ್ಲಿ ಅಚ್ಚಾಗುತ್ತಿತ್ತು.

ಅದನ್ನು ತಿರುಗಿಸಿದ್ದು ಒಬ್ಬ ರೋಗಿಯೇ. ವಿಕಿ ರಾಟ್ನರ್ ನ್ಯೂಯಾರ್ಕಿನಲ್ಲಿ ಇನ್ನೂ ವೈದ್ಯಕೀಯ ವಿದ್ಯಾರ್ಥಿನಿ. ವೈದ್ಯರಿಂದ ವೈದ್ಯರಿಗೆ ಅಲೆದರೂ ಏನೂ ಇಲ್ಲ ಎಂಬ ಉತ್ತರ. ಕೊನೆಗೆ ಗ್ರಂಥಾಲಯದಲ್ಲಿ ಕೂತು ಹಳೆಯ ಪತ್ರಿಕೆಗಳನ್ನು ತಿರುವಿ ತನ್ನ ಕಾಯಿಲೆಯ ಹೆಸರನ್ನು ತಾನೇ ಕಂಡುಕೊಂಡರು. 1984ರಲ್ಲಿ ರೋಗಿಗಳ ಸಂಘ ಕಟ್ಟಿದರು, ಮರುವರ್ಷ ಟೆಲಿವಿಷನ್ನಿನ ಬೆಳಗಿನ ಕಾರ್ಯಕ್ರಮದಲ್ಲಿ ಬಂದು ಮಾತಾಡಿದರು. ಸಾವಿರಾರು ಕಾಗದ ಬಂತು. ಅಮೆರಿಕದಲ್ಲಿ ಆಮೇಲೆ ನಡೆದ ಒಂದು ದೊಡ್ಡ ಸಮೀಕ್ಷೆ, ಇಂಥ ಲಕ್ಷಣಗಳಿರುವ ವಯಸ್ಕ ಹೆಂಗಸರ ಸಂಖ್ಯೆಯನ್ನು 33 ಲಕ್ಷದಿಂದ 79 ಲಕ್ಷದವರೆಗೆ ಅಂದಾಜು ಮಾಡಿತು. ಅಷ್ಟು ಜನರ ಮನಸ್ಸು ಒಂದೇ ರೀತಿ ಕೆಟ್ಟಿರಲು ಹೇಗೆ ಸಾಧ್ಯ?

ಹಾಗಾದರೆ ಸಾಕ್ಷಿ ಎಲ್ಲಿದೆ? ವಿಜ್ಞಾನಿಗಳು ಮೂತ್ರದಲ್ಲೇ ಹುಡುಕಲು ಹೊರಟರು. ನೋಯುವ ಗೋಡೆಯನ್ನು ಗಂಟೆಗಟ್ಟಲೆ ಮುಟ್ಟಿಕೊಂಡೇ ಇರುವುದು ಅದೇ ಅಲ್ಲವೇ? ಆರೋಗ್ಯವಂತರ ಮೂತ್ರದಲ್ಲೂ ದಿನಕ್ಕೆ 150 ಮಿಲಿಗ್ರಾಂವರೆಗೆ ಪ್ರೋಟೀನು ಹೋಗುತ್ತದೆ. ಅದರಲ್ಲಿ ಹೆಚ್ಚಿನದು ಮೂತ್ರಪಿಂಡದಲ್ಲೇ ತಯಾರಾಗುವ ಯೂರೋಮಾಡ್ಯುಲಿನ್. 1950ರಲ್ಲಿ ಇದನ್ನು ಬೇರ್ಪಡಿಸಿದ ಟ್ಯಾಮ್ ಮತ್ತು ಹಾರ್ಸ್‌ಫಾಲ್ ಅವರ ಹೆಸರಿನಿಂದಲೂ ಕರೆಯುತ್ತಾರೆ. ಈ ಗದ್ದಲದ ನಡುವೆ ಗಾಯಗೊಂಡ ಗೋಡೆಯಿಂದ ಉದುರಿದ, ಲೆಕ್ಕಕ್ಕೇ ಸಿಗದಷ್ಟು ಕಡಿಮೆ ಇರುವ ಪ್ರೋಟೀನನ್ನು ಹಿಡಿಯಬೇಕು. ಹಿಡಿದ ಮೂತ್ರವನ್ನು ಗಿರಗಿರನೆ ತಿರುಗಿಸಿ ಗಸಿ ಬೇರ್ಪಡಿಸಿ, ಮೈನಸ್ 80 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಪರೀಕ್ಷೆಯ ದಿನ 96 ಕುಳಿಗಳ ಪ್ಲಾಸ್ಟಿಕ್ ತಟ್ಟೆಗೆ ಹನಿ ಹನಿ ಹಾಕುತ್ತಾರೆ. ಹುಡುಕುತ್ತಿರುವ ಪ್ರೋಟೀನು ಎಷ್ಟಿದೆಯೋ ಅಷ್ಟು ಗಾಢವಾಗಿ ಕುಳಿ ನೀಲಿಯಾಗುತ್ತದೆ, ಆಮ್ಲದ ಕೊನೆಯ ಹನಿ ಬಿದ್ದ ಮೇಲೆ ಹಳದಿಗೆ ತಿರುಗುತ್ತದೆ. ಬೆಳಗ್ಗೆ ಎಷ್ಟು ನೀರು ಕುಡಿದಿದ್ದರು ಎಂಬುದರಿಂದ ಲೆಕ್ಕ ತಪ್ಪಬಾರದೆಂದು ಕ್ರಿಯಾಟಿನಿನ್ ಅಳೆದು ಅದಕ್ಕೆ ಹೋಲಿಸಿ ನೋಡುತ್ತಾರೆ. ಯಾರೋ ಒಬ್ಬರ ನಿದ್ದೆಯಿಲ್ಲದ ರಾತ್ರಿ ಹೀಗೆ ಒಂದು ಕುಳಿಯ ಬಣ್ಣವಾಗಿ ನಿಲ್ಲುವುದನ್ನು ನೆನೆದರೆ ಈ ಕೆಲಸದ ಬಗ್ಗೆ ನನಗೆ ಗೌರವ ಬರುತ್ತದೆ.

ದೊಡ್ಡ ಆಸೆ ಹುಟ್ಟಿದ್ದು ಬಾಲ್ಟಿಮೋರಿನಲ್ಲೇ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸೂಸನ್ ಕೀ ಮತ್ತು ಸಂಗಡಿಗರು 1990ರ ದಶಕದಲ್ಲಿ, ಈ ರೋಗಿಗಳ ಮೂತ್ರ ಸೋಕಿದರೆ ಮೂತ್ರಕೋಶದ ಜೀವಕೋಶಗಳು ಬೆಳೆಯುವುದನ್ನೇ ನಿಲ್ಲಿಸುತ್ತವೆ ಎಂದು ಕಂಡರು. ಗಾಯ ಏಕೆ ಮಾಯುವುದಿಲ್ಲ ಎಂಬುದಕ್ಕೆ ಅಲ್ಲೊಂದು ಸುಳಿವಿತ್ತು. ಬೆಳವಣಿಗೆ ತಡೆಯುವ ಆ ವಸ್ತುವಿಗೆ ಎಪಿಎಫ್ ಎಂದು ಹೆಸರಿಟ್ಟರು. 2004ರಲ್ಲಿ ಅದರ ರಚನೆಯೂ ತಿಳಿಯಿತು: ಒಂಬತ್ತೇ ಅಮೈನೋ ಆಮ್ಲಗಳ ಒಂದು ಸರಪಳಿ, ಅದಕ್ಕಂಟಿದ ಸಕ್ಕರೆ. ಅವರ ಪರೀಕ್ಷೆಯಲ್ಲಿ ರೋಗವಿದ್ದ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಯ ಮೂತ್ರದಲ್ಲಿ ಅದಿತ್ತು, ಇಲ್ಲದವರಲ್ಲಿ ಅಪರೂಪ. ಆದರೆ ಪ್ರತಿ ಪರೀಕ್ಷೆಗೂ ಜೀವಂತ ಕೋಶಗಳನ್ನು ಬೆಳೆಸಬೇಕಿತ್ತು. ಊರೂರಿನ ಲ್ಯಾಬಿನಲ್ಲಿ ಮಾಡುವಂಥ ಪರೀಕ್ಷೆಯಾಗಿ ಅದು ಕೊನೆಗೂ ಬರಲಿಲ್ಲ. ತೈವಾನಿನ ವೈದ್ಯರು ನರಗಳನ್ನು ಬೆಳೆಸುವ ಎನ್‌ಜಿಎಫ್ ಎಂಬ ಪ್ರೋಟೀನು ಈ ರೋಗಿಗಳಲ್ಲಿ ಏರಿರುವುದನ್ನು ಕಂಡರು. ಆದರೆ ಅದು ಮೂತ್ರ ತಡೆಯಲಾಗದ ಬೇರೆ ತೊಂದರೆಗಳಲ್ಲೂ ಏರುತ್ತದೆ. ಇಂದಿಗೂ ಇದೇ ರೋಗವೆಂದು ಖಚಿತವಾಗಿ ಹೇಳಬಲ್ಲ ಒಂದು ಮೂತ್ರ ಪರೀಕ್ಷೆ ಆಸ್ಪತ್ರೆಗಳ ನಿತ್ಯದ ಬಳಕೆಯಲ್ಲಿಲ್ಲ.

ಕಾರ್ಕ್ ಕೂಡ ಈ ಹುಡುಕಾಟದಲ್ಲಿ ಕೈಜೋಡಿಸಿದೆ. ವಿಲ್ಟನ್ನಿನಲ್ಲಿ 2007ರಲ್ಲಿ ತೆರೆದ ಕಾರ್ಕ್ ಯೂನಿವರ್ಸಿಟಿ ಮೆಟರ್ನಿಟಿ ಹಾಸ್ಪಿಟಲ್‌ನ ಬ್ಯಾರಿ ಒ’ರೈಲಿ, ಇಫಿಯೋಮಾ ಆಫಿಯಾ ಮೊದಲಾದವರು ಲಂಡನ್ನಿನ ಕಿಂಗ್ಸ್ ಕಾಲೇಜಿನ ನೋವು ತಜ್ಞ ಸ್ಟೀಫನ್ ಮೆಕ್‌ಮಹನ್ ಅವರೊಂದಿಗೆ ಸೇರಿ, ನೋವಿರುವವರ ಮತ್ತು ಇಲ್ಲದವರ ಮೂತ್ರಕೋಶದ ಒಳಪದರದ ಚೂರುಗಳನ್ನು ಹೋಲಿಸಿ ನೋಡಿದರು. 2016ರಲ್ಲಿ ‘ಯುರೋಪಿಯನ್ ಯೂರಾಲಜಿ’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಉರಿಯೂತಕ್ಕೆ ಸಂಬಂಧಿಸಿದ ಹಲವು ವಸ್ತುಗಳಲ್ಲಿ ಎರಡು ಎದ್ದು ಕಂಡವು: ಸಿಸಿಎಲ್21 ಮತ್ತು ಎಫ್‌ಜಿಎಫ್7. ರೋಗಿ ಬಾಯಲ್ಲಿ ಹೇಳಿದ ತೊಂದರೆಗೂ ಈ ಎರಡರ ಏರಿಕೆಗೂ ನಂಟು ಕಂಡಿತು. ಅಂಗಾಂಶದಲ್ಲಿ ಕಂಡದ್ದು ಮೂತ್ರದಲ್ಲೂ ನೆಚ್ಚಿಕೊಳ್ಳುವ ಹಾಗೆ ಸಿಕ್ಕರೆ, ಚೂರು ಕತ್ತರಿಸುವ ಕಷ್ಟ ತಪ್ಪುತ್ತದೆ. ಒಂದು ಡಬ್ಬಿ ಸಾಕಾಗುತ್ತದೆ. ಸಂಶೋಧನೆಯ ದಾರಿ ನೇರವಾಗಿರುವುದಿಲ್ಲ ಎಂಬುದನ್ನು ಈ ಊರು ಬಲ್ಲದು. ಕಾರ್ಕಿನಲ್ಲಿ 1908ರಲ್ಲಿ ಹುಟ್ಟಿದ ವಿನ್ಸೆಂಟ್ ಬ್ಯಾರಿ ಡಬ್ಲಿನ್ನಿನಲ್ಲಿ ಕ್ಷಯಕ್ಕೆ ಮದ್ದು ಹುಡುಕುತ್ತ ಹೊರಟು ಕ್ಲೋಫಜಿಮಿನ್ ತಯಾರಿಸಿದರು. ಅದು ಫಲಿಸಿದ್ದು ಕುಷ್ಠಕ್ಕೆ. ನಮ್ಮ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕುಷ್ಠದ ಮಾತ್ರೆಗಳ ಕಟ್ಟಿನಲ್ಲಿ ಆ ಮದ್ದೂ ಇದೆ.

ಈ ಹುಡುಕಾಟ ಗೆಲ್ಲಲಿ ಎಂದು ಮನಸಾರೆ ಬಯಸುತ್ತೇನೆ. ಜೊತೆಗೇ ಒಂದು ಅಂಜಿಕೆಯೂ ಇದೆ. ನಾಳೆ ಒಂದು ಪ್ರೋಟೀನು ಸಿಕ್ಕಿತೆನ್ನೋಣ. ಅದು ಇರುವವರ ನೋವು ನಿಜ, ಇಲ್ಲದವರದು ನಾಟಕ ಎಂದು ನಾವು ವಿಂಗಡಿಸಿಬಿಟ್ಟರೆ? ಹೌದು–ಅಲ್ಲ ಎಂಬ ಎರಡೇ ಬೆಲೆಗಳ ತರ್ಕಕ್ಕೆ ಗಣಿತದ ರೂಪ ಕೊಟ್ಟ ಜಾರ್ಜ್ ಬೂಲ್ 1849ರಿಂದ ಸಾಯುವತನಕ ಈ ಊರಿನ ಕಾಲೇಜಿನಲ್ಲೇ ಪಾಠ ಹೇಳಿದವರು. ಇಂದಿನ ಕಂಪ್ಯೂಟರುಗಳು ಆ ತರ್ಕದ ಮೇಲೆ ನಿಂತಿವೆ. ದೇಹ ಹಾಗೆ ನಿಂತಿಲ್ಲ. ಎನ್‌ಜಿಎಫ್ ಕಥೆಯೇ ಸಾಕು: ರೋಗಿಗಳ ಮಟ್ಟವೂ ಬೇರೆಯವರ ಮಟ್ಟವೂ ಒಂದರ ಮೇಲೊಂದು ಹರಡಿಕೊಂಡಿರುತ್ತವೆ. ನಡುವೆ ಗೆರೆ ಎಳೆದರೆ, ನೋಯುವವರಲ್ಲೇ ಕೆಲವರು ಗೆರೆಯ ಆಚೆ ಉಳಿಯುತ್ತಾರೆ. ಚಿಕಿತ್ಸೆ ಆರಿಸಲು, ಯಾರಿಗೆ ಯಾವ ಔಷಧ ಹಿಡಿಯುತ್ತದೆ ಎಂದು ಮುಂಚೆಯೇ ತಿಳಿಯಲು ಆ ಗುರುತು ಬೇಕು. ನಂಬುವುದಕ್ಕೆ ಅದಕ್ಕಾಗಿ ಕಾಯಬೇಕಿಲ್ಲ. ನೋಯುತ್ತಿದೆ ಎಂದು ಒಬ್ಬರು ಹೇಳಿದ್ದೇ ಮೊದಲ ಸಾಕ್ಷಿ. ಪ್ರೋಟೀನುಗಳನ್ನು ಹುಡುಕುವ ವಿಜ್ಞಾನಿಯೂ ಅಲ್ಲಿಂದಲೇ ಶುರುಮಾಡುತ್ತಾರೆ, ಏಕೆಂದರೆ ಯಾರನ್ನು ಪರೀಕ್ಷೆಗೆ ಸೇರಿಸಿಕೊಳ್ಳಬೇಕೆಂದು ತೀರ್ಮಾನವಾಗುವುದು ಅವರ ಮಾತನ್ನು ಕೇಳಿದ ಮೇಲೆಯೇ.

ಐರ್ಲೆಂಡಿನಲ್ಲಿರುವ ಕನ್ನಡಿಗರಿಗೆ ಇದನ್ನು ಹೇಳುವಾಗ ಒಂದು ಹೆಸರು ನೆನಪಾಗದೆ ಇರುವುದಿಲ್ಲ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 31ರ ವಯಸ್ಸಿನಲ್ಲಿ, 2012ರ ಅಕ್ಟೋಬರ್ 28ರಂದು ಗಾಲ್ವೇಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ ಗರ್ಭಪಾತ ನಿರಾಕರಿಸಿದ್ದು, ರಕ್ತಕ್ಕೆ ನಂಜೇರಿದ್ದು, 2018ರ ಮೇ 25ರಂದು ಈ ದೇಶ ಮತ ಹಾಕಿ ಕಾನೂನು ಬದಲಿಸಿದ್ದು ಎಲ್ಲರಿಗೂ ಗೊತ್ತು. 2013ರ ತನಿಖಾ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ದಾಖಲಾದ ದಿನವೇ ತೆಗೆದ ರಕ್ತದಲ್ಲಿ ಬಿಳಿಕಣಗಳು ಏರಿದ್ದವು, ಆ ಫಲಿತಾಂಶವನ್ನು ಯಾರೂ ಹಿಂಬಾಲಿಸಿ ನೋಡಲಿಲ್ಲ. ಅಂದರೆ ಗುರುತು ಇತ್ತು. ಲ್ಯಾಬು ತನ್ನ ಕೆಲಸ ಮಾಡಿತ್ತು. ಮೂತ್ರಕೋಶದ ನೋವು ಜೀವ ತೆಗೆಯುವ ಕಾಯಿಲೆಯಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಹೆಣ್ಣೊಬ್ಬಳ ಮೈ ಹೇಳುವುದನ್ನು ಕೇಳಿಸಿಕೊಳ್ಳುವ ಮನಸ್ಸಿಲ್ಲದ ಕಡೆ ಎಷ್ಟು ಸೂಕ್ಷ್ಮದ ಪರೀಕ್ಷೆ ಬಂದರೂ ಅದು ಫೈಲಿನಲ್ಲೇ ಉಳಿಯುತ್ತದೆ ಎಂಬುದನ್ನು ಆ ಸಾವಿನಿಂದ ನಾವು ಕಲಿಯಲೇಬೇಕು.

ನಮ್ಮಲ್ಲಿ ಮೌನ ಆಸ್ಪತ್ರೆ ಮುಟ್ಟುವುದಕ್ಕೂ ಮೊದಲೇ ಶುರುವಾಗುತ್ತದೆ. ರಾತ್ರಿ ಬಸ್ಸಿನಲ್ಲಿ ಹೊರಟ ಹೆಣ್ಣುಮಕ್ಕಳು ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕೆಲಸದವರು ಮೆಷಿನ್ ಬಿಟ್ಟು ಎದ್ದರೆ ಸೂಪರ್‌ವೈಸರ್ ಮುಖ ನೋಡಬೇಕಲ್ಲ ಎಂದು ತಡೆದುಕೊಳ್ಳುತ್ತಾರೆ. ಹೊಲದ ಕೆಲಸದವರು ಕತ್ತಲಾಗಲಿ ಎಂದು ಕಾಯುತ್ತಾರೆ. ತಡೆದುಕೊಳ್ಳುವುದೇ ಹೆಣ್ಣಿನ ಲಕ್ಷಣ ಎಂದು ಬೆಳೆದವಳು ನೋವು ಬಂದಾಗಲೂ ತಡೆದುಕೊಳ್ಳುತ್ತಾಳೆ. ಗಂಡನಿಗೆ ಹೇಳಲು ನಾಚಿಕೆ, ಗಂಡು ಡಾಕ್ಟರಿಗೆ ಹೇಳಲು ಇನ್ನೂ ನಾಚಿಕೆ. ಈ ಕಾಯಿಲೆ ಗಂಡಸರಿಗೂ ಬರುತ್ತದೆ. ಅವರಲ್ಲಿ ಪ್ರಾಸ್ಟೇಟ್ ತೊಂದರೆ ಎಂದುಕೊಂಡು ವರ್ಷಗಳು ಕಳೆಯುತ್ತವೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಆರು ವಾರಕ್ಕೂ ಮೇಲ್ಪಟ್ಟು ಕಿಬ್ಬೊಟ್ಟೆ ನೋಯುತ್ತಿದ್ದರೆ, ಮೂತ್ರಕೋಶ ತುಂಬಿದಂತೆ ನೋವು ಏರಿ ಖಾಲಿಯಾದಾಗ ಇಳಿಯುತ್ತಿದ್ದರೆ, ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ, ಇನ್ನೊಂದು ಕೋರ್ಸ್ ಆ್ಯಂಟಿಬಯಾಟಿಕ್ ನುಂಗುವ ಮೊದಲು ಯೂರಾಲಜಿಸ್ಟ್ ಅಥವಾ ಯೂರೋಗೈನಕಾಲಜಿಸ್ಟ್ ಹತ್ತಿರ ಹೋಗಿ. ‘ಬ್ಲ್ಯಾಡರ್ ಪೇನ್ ಸಿಂಡ್ರೋಮ್ ಇರಬಹುದೇ?’ ಎಂದು ನೀವೇ ಹೆಸರು ಹಿಡಿದು ಕೇಳಿ. ಭಾರತದಲ್ಲಿದ್ದರೆ ಮೂತ್ರಾಂಗದ ಕ್ಷಯಕ್ಕೂ ಪರೀಕ್ಷೆ ಮಾಡಿಸಿ, ಸಾಮಾನ್ಯ ಕಲ್ಚರಿನಲ್ಲಿ ಅದು ಸಿಗುವುದಿಲ್ಲ. ಮೂತ್ರದಲ್ಲಿ ರಕ್ತ ಕಂಡರೆ, ಜ್ವರ ಬಂದರೆ ಒಂದು ದಿನವೂ ಕಾಯಬೇಡಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಹೋಗುವ ಮೊದಲು ಮೂರು ದಿನ ಎಷ್ಟು ಹೊತ್ತಿಗೆ ಎದ್ದಿರಿ, ಎಷ್ಟು ಹೋಯಿತು, ಏನು ತಿಂದಾಗ ಹೆಚ್ಚಾಯಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಳ್ಳೆಯ ವೈದ್ಯರು ಮೊದಲು ಕೇಳುವುದು ಅದನ್ನೇ. ಮನೆಯವರೇ, ಅವರನ್ನು ಒಬ್ಬರೇ ಕಳಿಸಬೇಡಿ, ಜೊತೆಯಲ್ಲಿ ಹೋಗಿ.